ಕಣ್ಣಿಗೆ ಮಂದ, ಹವಳಕ್ಕೆ ಸುಡುಬಿಸಿಲು

2023ರ ಸೆಪ್ಟೆಂಬರ್ ಕೊನೆಯ ವಾರ. ನ್ಯೂಜೆರ್ಸಿಯ ನಮ್ಮ ಮನೆಯ ಹಾಲ್‌ನಲ್ಲಿ ಜೀವಂತ ಹವಳ ಸಾಕುವ ಐದಡಿ ಉದ್ದದ ತೊಟ್ಟಿಗೆ ನೀರು ತುಂಬಿ ನಾಲ್ಕು ತಿಂಗಳಾಗಿತ್ತು. ನೀರಿನ ಪರೀಕ್ಷೆಗಳೆಲ್ಲ ಸರಿಯಾಗಿ ಬರುತ್ತಿದ್ದವು. ಮೀನುಗಳು ಚುರುಕಾಗಿದ್ದವು. ಆದರೆ ಬಂಡೆಯ ನೆತ್ತಿಯಲ್ಲಿ ಕೂರಿಸಿದ್ದ ಅಕ್ರೊಪೋರಾ ಎಂಬ ಗಟ್ಟಿ ಹವಳದ ನಾಲ್ಕು ತುಂಡುಗಳು ದಿನದಿಂದ ದಿನಕ್ಕೆ ಬಿಳಚಿಕೊಳ್ಳುತ್ತಿದ್ದವು. ತಂದಾಗ ಒಂದು ನೇರಳೆ, ಎರಡು ಹಸಿರು, ಇನ್ನೊಂದು ಕಂದಿನ ಮೇಲೆ ನೀಲಿ ತುದಿಯದು. ಈಗ ನಾಲ್ಕೂ ಹಳೆಯ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿದ್ದವು.

ಅವು ಹಾಗಾಗಿದ್ದು ಯಾಕೆ, ಕಾರಣ ಹೇಗೆ ಸಿಕ್ಕಿತು, ಆಮೇಲೆ ಏನು ಮಾಡಿದೆ ಅನ್ನುವುದೇ ಈ ಬರಹ. ತಪ್ಪು ನನ್ನದೇ. ಅದರ ಬೇರು ಮಾತ್ರ ಸೆಪ್ಟೆಂಬರಿನಲ್ಲಿರಲಿಲ್ಲ. ತೊಟ್ಟಿ ಆರ್ಡರ್ ಮಾಡಿದ ದಿನವೇ ಶುರುವಾಗಿತ್ತು. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ಅಂಚಿಲ್ಲದ ಗಾಜು

ಮಾಮೂಲಿ ದೊಡ್ಡ ಅಕ್ವೇರಿಯಂಗೆ ಮೇಲೆ ಪ್ಲಾಸ್ಟಿಕ್ ಚೌಕಟ್ಟೋ, ಗಾಜಿನ ಅಡ್ಡಪಟ್ಟಿಯೋ ಇರುತ್ತದೆ. ನೀರು ಗಾಜನ್ನು ಹೊರಗೆ ತಳ್ಳದ ಹಾಗೆ ಅದು ಹಿಡಿದುಕೊಳ್ಳುತ್ತದೆ. ರಿಮ್‌ಲೆಸ್ ತೊಟ್ಟಿಗೆ ಅದು ಯಾವುದೂ ಇಲ್ಲ. ದಪ್ಪ ಗಾಜು, ಮೂಲೆಗಳಲ್ಲಿ ಸಿಲಿಕೋನ್, ಅಷ್ಟೇ. ನೋಡಲು ನೀರನ್ನೇ ಕತ್ತರಿಸಿ ಇಟ್ಟ ಹಾಗಿರುತ್ತದೆ. ನಾನು ಮರುಳಾಗಿದ್ದೂ ಅದಕ್ಕೇ.

ನನ್ನದು 60 ಇಂಚು ಉದ್ದ, 30 ಇಂಚು ಅಗಲ, 24 ಇಂಚು ಎತ್ತರ. ಗಾಜು 19 ಮಿಲಿಮೀಟರ್. ಮುಂದಿನದೂ ಪಕ್ಕದ ಎರಡೂ ಕಬ್ಬಿಣದಂಶ ಕಡಿಮೆ ಇರುವ ಗಾಜು. ಮಾಮೂಲಿ ಗಾಜು ಈ ದಪ್ಪಕ್ಕೆ ಬಂದಾಗ ಸೋಡಾ ಬಾಟಲಿಯ ಹಸಿರು ತೋರಿಸುತ್ತದೆ, ಅದರ ಮೂಲಕ ಹವಳ ನೋಡಿದರೆ ಬಣ್ಣವೇ ಬೇರೆ. ಖಾಲಿ ತೊಟ್ಟಿಯೇ ಸುಮಾರು 185 ಕೆಜಿ. ಅಂಚಿನಿಂದ ಎರಡು ಇಂಚು ಕೆಳಗಿನವರೆಗೆ ನೀರು ತುಂಬಿದರೆ ಸುಮಾರು 585 ಲೀಟರ್. ಆ ನೀರು ಮುಂದಿನ ಗಾಜನ್ನು ಹೆಚ್ಚುಕಡಿಮೆ 225 ಕೆಜಿ ಭಾರದಷ್ಟು ಬಲದಿಂದ ಹೊರಗೆ ದೂಡುತ್ತಿರುತ್ತದೆ, ಹಗಲು ರಾತ್ರಿ. ಒಬ್ಬ ತಯಾರಕ 12 ಮಿಲಿಮೀಟರ್ ಸಾಕು ಎಂದಿದ್ದ. ಒಡೆಯುತ್ತಿರಲಿಲ್ಲವೇನೋ. ಆದರೆ ಅಂಚಿಲ್ಲದ ಐದಡಿ ಗಾಜು ಮಧ್ಯದಲ್ಲಿ ಹೊಟ್ಟೆ ಬಿಡುವುದು ಕಣ್ಣಿಗೇ ಕಾಣುತ್ತಿತ್ತು, ಸಿಲಿಕೋನ್ ಮೇಲಿನ ಎಳೆತವೂ ಜಾಸ್ತಿ. ಅದು ಬೇಡ ಎಂದೆ.

ಈ ಅಳತೆಗಳನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ಶಿವಮೊಗ್ಗದಲ್ಲಿದ್ದಾರೆ, ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಗಾಜಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಗಾಜು ಹಾಗಿರ್ಲಿ ಮಾರಾಯ, ನಿನ್ನ ನೆಲ ಎಂಥದು?"

ಮರದ ನೆಲ, ಕೆಳಗೆ ಬೇಸ್‌ಮೆಂಟ್ ಎಂದೆ. ಒಟ್ಟು ಭಾರ ಎಷ್ಟು ಎಂದರು. ಗಾಜು, ನೀರು, ಕಲ್ಲು, ಮರಳು, ಸ್ಟ್ಯಾಂಡ್, ಕೆಳಗಿನ ಸಂಪ್ ಎಲ್ಲ ಕೂಡಿಸಿದರೆ ಸುಮಾರು 1,100 ಕೆಜಿ. ಒಂದು ಸ್ವಿಫ್ಟ್ ಕಾರಿಗಿಂತ ಜಾಸ್ತಿ. ಅದು ಕೂರುವ ಜಾಗ ಒಂದೂಕಾಲು ಚದರ ಮೀಟರ್ ಕೂಡ ಇಲ್ಲ. ಅಮೆರಿಕದ ಮನೆಗಳ ನೆಲವನ್ನು ಚದರ ಅಡಿಗೆ 40 ಪೌಂಡ್ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ, ಅಂದರೆ ಚದರ ಮೀಟರಿಗೆ ಸುಮಾರು 195 ಕೆಜಿ. "ನಮ್ಮ ಐಎಸ್ 875ರಲ್ಲೂ ಹೆಚ್ಚುಕಡಿಮೆ ಅಷ್ಟೇ, 2 ಕಿಲೋನ್ಯೂಟನ್," ಎಂದರು ಅಪ್ಪ, ಕಟ್ಟಡದ ಭಾರಗಳ ಭಾರತೀಯ ಮಾನದಂಡವನ್ನು ನೆನೆದು. ನನ್ನ ತೊಟ್ಟಿಯ ಅಡಿಯಲ್ಲಿ ಅದು ಚದರ ಮೀಟರಿಗೆ 950 ಕೆಜಿ ಹತ್ತಿರ ಬರುತ್ತಿತ್ತು. ಇಡೀ ಕೋಣೆಯ ಲೆಕ್ಕವನ್ನು ಒಂದು ಮೂಲೆಯ ಲೆಕ್ಕದ ಜೊತೆ ಹಾಗೆ ನೇರವಾಗಿ ಹೋಲಿಸುವ ಹಾಗಿಲ್ಲ. ಆದರೂ ಸುಮ್ಮನೆ ತಂದಿಡುವ ವಸ್ತು ಅಲ್ಲ ಅನ್ನುವುದು ಆ ಫೋನಿನಲ್ಲೇ ತಿಳಿಯಿತು.

ಊರಿನ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿದರು. ತೊಟ್ಟಿಯನ್ನು ಹೊರಗೋಡೆಗೆ ಒತ್ತಿ, ನೆಲದ ತೊಲೆಗಳಿಗೆ ಅಡ್ಡವಾಗಿ ಇಡಬೇಕು, ಆಗ ಭಾರ ಒಂದೆರಡು ತೊಲೆಗೆ ಬೀಳದೆ ನಾಲ್ಕೈದಕ್ಕೆ ಹಂಚಿಹೋಗುತ್ತದೆ ಎಂದರು. ಕೆಳಗೆ ಬೇಸ್‌ಮೆಂಟಿನಲ್ಲಿ ಒಂದು ಅಡ್ಡತೊಲೆ, ಅದಕ್ಕೆ ಎರಡು ಉಕ್ಕಿನ ಕಂಬ, ಕಂಬದ ಬುಡಕ್ಕೆ ಪ್ರತ್ಯೇಕ ಕಾಂಕ್ರೀಟ್ ಪಾಯ. ಬೇಸ್‌ಮೆಂಟಿನ ತೆಳ್ಳನೆಯ ಕಾಂಕ್ರೀಟ್ ಹಾಸಿನ ಮೇಲೆ ಕಂಬ ನಿಲ್ಲಿಸುವ ಹಾಗಿಲ್ಲ. ಇದಕ್ಕೇ ಎರಡು ತಿಂಗಳು ಹೋಯಿತು.

ಏಪ್ರಿಲ್‌ನಲ್ಲಿ ತೊಟ್ಟಿ ಬಂತು. ಕನ್ನಡದ ಗೆಳೆಯರು ಏಳು ಜನ ಸೇರಿ, ಗಾಜಿಗೆ ಹೀರುಹಿಡಿಗಳನ್ನು ಕಚ್ಚಿಸಿ, ಗಣಪತಿ ಇಳಿಸುವ ಹಾಗೆ ಕೂಗುತ್ತಾ ಸ್ಟ್ಯಾಂಡ್ ಮೇಲೆ ಕೂರಿಸಿದೆವು. ಸ್ಟ್ಯಾಂಡಿಗೂ ತೊಟ್ಟಿಗೂ ನಡುವೆ ಫೋಮ್ ಹಾಸು. ಚೌಕಟ್ಟಿರುವ ತೊಟ್ಟಿಗೆ ಇದು ಬೇಡ, ಅದು ಚೌಕಟ್ಟಿನ ಮೇಲೆಯೇ ನಿಲ್ಲುತ್ತದೆ. ಆದರೆ ರಿಮ್‌ಲೆಸ್‌ನ ತಳ ಪೂರ್ತಿ ಹಲಗೆಗೆ ಕೂರುತ್ತದೆ, ಮಧ್ಯೆ ಒಂದು ಹರಳು ಸಿಕ್ಕರೂ ಅಲ್ಲಿಂದಲೇ ಬಿರುಕು. ಮಟ್ಟ ನೋಡಿದೆ, ಎರಡು ಮಿಲಿಮೀಟರ್ ಎಡಕ್ಕೆ ವಾಲಿತ್ತು. ಅಂಚಿರುವ ತೊಟ್ಟಿಯಲ್ಲಿ ಅಂಚು ಮುಚ್ಚಿಬಿಡುವ ತಪ್ಪು ಇದು. ಇಲ್ಲಿ ನೀರಿನ ಗೆರೆ ಬರಿಗಣ್ಣಿಗೆ ಕಾಣುತ್ತದೆ. ಸ್ಟ್ಯಾಂಡಿನ ಕಾಲುಗಳನ್ನು ತಿರುಗಿಸಿ ಸರಿ ಮಾಡಿದೆ.

ನೀರು, ಬಂಡೆ, ಸಂಪ್

ಇದನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ಇಲ್ಲಿ ಎಡವಲಿಲ್ಲ. ನಲ್ಲಿ ನೀರನ್ನು ಆರ್‌ಒ ಮತ್ತು ಡಿಐ ಎಂಬ ಎರಡು ಶುದ್ಧೀಕರಣಗಳಲ್ಲೂ ಹಾಯಿಸಿ, ಕರಗಿದ ಅಂಶದ ಅಳತೆಯಾದ ಟಿಡಿಎಸ್ ಸೊನ್ನೆಗೆ ಇಳಿಸಿ, ಅದಕ್ಕೆ ಸಮುದ್ರದ ಉಪ್ಪಿನ ಮಿಶ್ರಣ ಕರಗಿಸಿದೆ. ತೊಟ್ಟಿಗೂ ಸಂಪಿಗೂ ಸೇರಿ ಸುಮಾರು 27 ಕೆಜಿ ಉಪ್ಪು ಬೇಕಾಯಿತು. ಲವಣಾಂಶ ಸಾವಿರಕ್ಕೆ 35, ಶಾಖ 25ರಿಂದ 26 ಡಿಗ್ರಿ. ಒಣ ಕಲ್ಲು 45 ಕೆಜಿ, ಬ್ಯಾಕ್ಟೀರಿಯಾ ಬಾಟಲಿಯಿಂದ. ಅಮೋನಿಯ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ ತಿರುಗುವುದಕ್ಕೆ ಐದು ವಾರ. ಅಷ್ಟು ದಿನ ದೀಪ ಹಾಕಲೇ ಇಲ್ಲ. ಬ್ಯಾಕ್ಟೀರಿಯಾಗೆ ಬೆಳಕು ಬೇಡ, ಆಗ ಬೆಳಕು ಕೊಟ್ಟರೆ ಲಾಭ ಪಾಚಿಗೆ ಮಾತ್ರ.

ಸಂಪ್ ಎಂದರೆ ಬೆಂಗಳೂರಿನವರಿಗೆ ಅಂಗಳದಡಿಯ ನೀರಿನ ಗುಂಡಿ. ಇಲ್ಲೂ ಕೆಲಸ ಹತ್ತಿರದ್ದೇ. ತೊಟ್ಟಿಯಿಂದ ಉಕ್ಕಿದ ನೀರು ಕೆಳಗಿನ ಚಿಕ್ಕ ತೊಟ್ಟಿಗೆ ಇಳಿಯುತ್ತದೆ, ಅಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್, ಹೀಟರ್ ಎಲ್ಲ ಇರುತ್ತವೆ, ಅಲ್ಲಿಂದ ಪಂಪು ಮತ್ತೆ ಮೇಲಕ್ಕೆ ತಳ್ಳುತ್ತದೆ. ಕರೆಂಟ್ ಹೋದರೆ ಮೇಲಿನ ನೀರು ಒಂದಿಷ್ಟು ಕೆಳಗೆ ಬರುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇರಲೇಬೇಕು. ಮೊದಲ ದಿನವೇ ಪ್ಲಗ್ ಕಿತ್ತು ಪರೀಕ್ಷೆ ಮಾಡಿದೆ, ಪಾಸಾಯಿತು.

ಅಲೆ ಎಬ್ಬಿಸುವ ಪಂಪು ಮಾತ್ರ ಒಂದು ಪಾಠ ಕಲಿಸಿತು. ಪ್ರತಿ ತೊಟ್ಟಿಗೂ ಅದರದೇ ಒಂದು ತೂಗುವ ಲಯ ಇರುತ್ತದೆ. ನನ್ನ ಉದ್ದಕ್ಕೂ ಆಳಕ್ಕೂ ಅದು ಸುಮಾರು ಒಂದೂವರೆ ಸೆಕೆಂಡ್. ಪಂಪಿನ ಬಡಿತವನ್ನು ತಿರುಗಿಸಿ ನೋಡುತ್ತಾ ಇದ್ದವನು ಸರಿಯಾಗಿ ಆ ಲಯಕ್ಕೇ ತಂದುಬಿಟ್ಟೆ. ಉಯ್ಯಾಲೆಗೆ ಹೊತ್ತು ನೋಡಿ ತಳ್ಳಿದ ಹಾಗೆ ನೀರು ಆ ಕಡೆ ಈ ಕಡೆ ಏರತೊಡಗಿತು. ಅಂಚಿಲ್ಲದ ತೊಟ್ಟಿ, ತಡೆಯುವವರು ಯಾರು? ಅರ್ಧ ಬಕೆಟ್ ಉಪ್ಪು ನೀರು ಮರದ ನೆಲದ ಮೇಲೆ. ಮೇಯಲ್ಲಿ ಅಪ್ಪನ ಜೊತೆ ಊರಿನಿಂದ ಬಂದಿದ್ದ ಅಮ್ಮ ಬಟ್ಟೆ ತಂದು ಒರೆಸುತ್ತಾ, "ಪಾತ್ರೆ ಅಂದ್ಮೇಲೆ ಒಂದು ಕಂಠ ಬೇಡ್ವೇನೋ ಇದಕ್ಕೆ" ಎಂದರು.

ಜಿಗಿಯುವ ಮೀನುಗಳಿಗಾಗಿ ತೆಳ್ಳನೆಯ ಬಲೆಯ ಮುಚ್ಚಳವನ್ನೂ ಮಾಡಿಸಬೇಕಾಯಿತು. ರಾಸ್ ಜಾತಿಯ ಮೀನುಗಳು ಬೆದರಿದರೆ ನೇರ ನೆಲಕ್ಕೆ. ಮುಚ್ಚಳ ಹಾಕಿದರೆ ರಿಮ್‌ಲೆಸ್‌ನ ಚಂದ ಅರ್ಧ ಹೋಯಿತು ಎನ್ನುವವರಿದ್ದಾರೆ. ಬೆಳಿಗ್ಗೆ ಎದ್ದು ಸೋಫಾ ಅಡಿಯಿಂದ ಒಣಗಿದ ಮೀನು ತೆಗೆಯುವುದರಲ್ಲೂ ಅಂಥಾ ಚಂದ ಏನಿಲ್ಲ.

ದೀಪ ತೂಗುಹಾಕಿದ್ದು

ಹವಳದ ತೊಟ್ಟಿಗೆ ದೀಪ ಬರೀ ನೋಡುವುದಕ್ಕಲ್ಲ. ಹವಳದ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿಕಣಗಳು ವಾಸಿಸುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹವಳಕ್ಕೇ ಕೊಡುತ್ತವೆ. ಅಂದರೆ ಇಲ್ಲಿ ದೀಪವೇ ಊಟ. ಸಮುದ್ರದಲ್ಲಿ ಕೆಳಗೆ ಹೋದ ಹಾಗೆ ಕೆಂಪು ಬೆಳಕು ಮೊದಲು ಕರಗಿ ನೀಲಿ ಉಳಿಯುತ್ತದೆ. ಆ ಪಾಚಿಗಳು ಹೊಂದಿಕೊಂಡಿರುವುದೂ ನೀಲಿಗೇ. ಹಾಗಾಗಿ ರೀಫ್ ದೀಪಗಳೆಲ್ಲ, ಅಂದರೆ ಹವಳದ ತೊಟ್ಟಿಯ ದೀಪಗಳೆಲ್ಲ, ಅಷ್ಟು ನೀಲಿಯಾಗಿರುತ್ತವೆ.

ಒಂದು ಕಾಲದಲ್ಲಿ ಮೆಟಲ್ ಹ್ಯಾಲೈಡ್ ಬಲ್ಬುಗಳೇ ರಾಜ. 250 ವಾಟ್, 400 ವಾಟ್, ಒಲೆಯ ಹಾಗೆ ಕಾಯುತ್ತಿದ್ದವು. ಆಮೇಲೆ ಟಿ5 ಟ್ಯೂಬ್‌ಲೈಟುಗಳು. ಟಿ5ನ ಗುಣ ಏನೆಂದರೆ ಬೆಳಕು ಉದ್ದಕ್ಕೂ ಹರಡಿ ಬೀಳುತ್ತದೆ, ನೆರಳು ಕಡಿಮೆ. ಆದರೆ ಒಂಬತ್ತರಿಂದ ಹನ್ನೆರಡು ತಿಂಗಳಿಗೊಮ್ಮೆ ಟ್ಯೂಬ್ ಬದಲಿಸಬೇಕು. ಎಲ್‌ಇಡಿಗೆ ಆ ಕಾಟ ಇಲ್ಲ, ಪ್ರತಿ ಬಣ್ಣವನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಬೆಳಕು ಒಂದೇ ಬಿಂದುವಿನಿಂದ ಬರುವುದರಿಂದ ತಳದ ಮರಳಿನ ಮೇಲೆ ಬೆಳಕಿನ ಬಲೆ ಆಡುತ್ತದೆ. ಅಮ್ಮ ಅದನ್ನು ನೋಡಿ ತುಂಗೆಯಲ್ಲಿ ಕಲ್ಲಿನ ಮೇಲೆ ಬಿಸಿಲು ಆಡುವುದು ಹೀಗೇ ಅಲ್ವಾ ಎಂದರು. ಆದರೆ ಬಿಂದುವಿನ ಬೆಳಕಿಗೆ ಗಟ್ಟಿ ನೆರಳೂ ಜೊತೆಗೇ ಬರುತ್ತದೆ.

ನಾನು ಮೂರು ಎಲ್‌ಇಡಿ ತಗೊಂಡೆ. ಒಂದೊಂದು ಎರಡಡಿ ಚೌಕಕ್ಕೆ ಸಾಕು ಅನ್ನುವ ಲೆಕ್ಕ. ಅಂಚಿರುವ ತೊಟ್ಟಿಗಾದರೆ ಮೇಲೊಂದು ಮರದ ಹುಡ್ ಕೂರಿಸಿ ಅದರೊಳಗೆ ದೀಪ ಬಚ್ಚಿಡಬಹುದು. ಇಲ್ಲಿ ಆ ದಾರಿ ಇಲ್ಲ, ದೀಪ ಗಾಳಿಯಲ್ಲಿ ತೂಗಬೇಕು. ಚಾವಣಿಯ ತೊಲೆ ಹುಡುಕಿ, ಅದಕ್ಕೆ ಸ್ಕ್ರೂ ಹಾಕಿ, ತಂತಿಯಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿ ಇಳಿಬಿಟ್ಟು, ಅದಕ್ಕೆ ಮೂರನ್ನೂ ಕಟ್ಟಿದೆ. ಎತ್ತರದ ಪ್ರಶ್ನೆ ಬಂತು. ಹನ್ನೆರಡು ಇಂಚಿಗೆ ಕಟ್ಟಿದರೆ ಸೋಫಾದಲ್ಲಿ ಕೂತವರ ಕಣ್ಣಿಗೆ ನೇರ ಹೊಡೆಯುತ್ತದೆ. "ಎದುರುಗಡೆ ಲಾರಿ ಬಂದ ಹಾಗಿದೆ" ಎಂದಳು ಹೆಂಡತಿ. ಸರಿ ಎಂದು ನೀರಿನಿಂದ ಏಳು ಇಂಚಿಗೆ ಇಳಿಸಿದೆ.

ನೋಡಿ, ಮೊದಲ ತಪ್ಪು ಇದು. ಎತ್ತರವನ್ನು ಆರಿಸಿದ್ದು ಸೋಫಾ ನೋಡಿ. ಹವಳ ನೋಡಿ ಅಲ್ಲ.

ಎರಡನೆಯದು, ದೀಪದ ಸೆಟ್ಟಿಂಗ್. ಇಂಟರ್ನೆಟ್ಟಿನಲ್ಲಿ ಯಾರೋ ಹಂಚಿಕೊಂಡಿದ್ದ ಒಂದು ಬಣ್ಣದ ಪಟ್ಟಿಯನ್ನು ಹಾಗೇ ಇಳಿಸಿಕೊಂಡೆ. ನೀಲಿ ಶೇ 70, ಬಿಳಿ ಶೇ 5. ಅವರ ತೊಟ್ಟಿ ಎಷ್ಟು ಆಳ, ದೀಪ ಎಷ್ಟು ಎತ್ತರದಲ್ಲಿತ್ತು, ಕೇಳಲಿಲ್ಲ. ಬೇರೆಯವರ ಕನ್ನಡಕ ಹಾಕಿಕೊಂಡ ಹಾಗೆ.

ಆಗಸ್ಟ್‌ನಲ್ಲಿ ಹವಳ ತಂದೆ. ಎಲ್ಲವೂ ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳು, ಸಮುದ್ರದಿಂದ ಕಿತ್ತವಲ್ಲ. ನಾಲ್ಕು ಅಕ್ರೊಪೋರಾ ನೆತ್ತಿಗೆ, ತಟ್ಟೆಯ ಹಾಗೆ ಹರಡುವ ಎರಡು ಮಾಂಟಿಪೋರಾ ಮಧ್ಯಕ್ಕೆ, ಮೆದು ಬಾಹುಗಳ ಯೂಫಿಲಿಯಾ ಕೆಳಗೆ, ಮರಳಿನ ಹತ್ತಿರ ಜೋಆಂಥಿಡ್ ಮತ್ತು ಅಣಬೆ ಹವಳ. ಜೋಆಂಥಿಡ್ ಬಗ್ಗೆ ಒಂದು ಎಚ್ಚರಿಕೆ ಹೇಳಿಯೇ ಮುಂದೆ ಹೋಗುತ್ತೇನೆ. ಅವುಗಳಲ್ಲೂ ಅವುಗಳ ನೆಂಟ ಪಾಲಿಥೋವಾದಲ್ಲೂ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಕತ್ತರಿಸುವಾಗ ಕೈಗವಸು, ಕಣ್ಣಿಗೆ ಕನ್ನಡಕ ಬೇಕೇಬೇಕು. ಅವು ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಬಿಸಿನೀರಿನಲ್ಲಿ ಕುದಿಸಬೇಡಿ, ಆವಿಯಲ್ಲೂ ವಿಷ ಬರುತ್ತದೆ.

"ಏನೋ ಇದು, ಕತ್ತಲು ಕತ್ತಲು"

ಅಪ್ಪನಿಗೆ ಸಂಜೆ ಆರರ ನಂತರ ತೊಟ್ಟಿಯ ಮುಂದೆ ಕೂರುವ ಅಭ್ಯಾಸ ಆಗಿತ್ತು. ಸೆಪ್ಟೆಂಬರಿನ ಮೊದಲ ವಾರ ಒಂದು ಸಂಜೆ ಹೇಳಿದರು, "ಏನೋ ಇದು, ಕತ್ತಲು ಕತ್ತಲು. ಇಷ್ಟು ದುಡ್ಡು ಕೊಟ್ಟು ಮೀನೇ ಸರಿಯಾಗಿ ಕಾಣಲ್ಲ." ನನಗೂ ಹಾಗೇ ಅನ್ನಿಸುತ್ತಿತ್ತು. ಬಿಳಿ ಜಾಸ್ತಿ ಮಾಡಿದರೆ ಪಾಚಿ ಬರುತ್ತದೆ ಎಂದು ಓದಿದ್ದೆ. ಅದಕ್ಕೆ ನೀಲಿಯನ್ನೇ ಶೇ 70ರಿಂದ 90ಕ್ಕೆ ಏರಿಸಿದೆ, ಒಂದೇ ಏಟಿಗೆ. ಅಪ್ಪನಿಗೆ ಅಂಥಾ ವ್ಯತ್ಯಾಸವೇನೂ ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಅನ್ನುವುದರಲ್ಲೇ ಇಡೀ ಪ್ರಕರಣ ಇದೆ. ಹಗಲಿನ ನೋಟದಲ್ಲಿ ನಮ್ಮ ಕಣ್ಣು ಅತಿ ಹೆಚ್ಚು ಗುರುತಿಸುವುದು 555 ನ್ಯಾನೋಮೀಟರಿನ ಹಳದಿ ಹಸಿರನ್ನು. ರೀಫ್ ದೀಪದ ನೀಲಿ 450ರ ಆಸುಪಾಸಿನದು. ಅಲ್ಲಿ ಕಣ್ಣಿನ ಸೂಕ್ಷ್ಮತೆ ಶೇ 4 ಮಾತ್ರ. ಅಷ್ಟೇ ಶಕ್ತಿಯ ಹಸಿರು ಬೆಳಕು ನೂರು ಎಂದು ಕಂಡರೆ ನೀಲಿ ನಾಲ್ಕು ಎಂದು ಕಾಣುತ್ತದೆ. ಹವಳದ ಪಾಚಿಗೆ ಲೆಕ್ಕ ಉಲ್ಟಾ, ಅದಕ್ಕೆ ನೀಲಿಯೇ ಮೃಷ್ಟಾನ್ನ. ನಮಗೆ ಮುಸ್ಸಂಜೆ ಅನ್ನಿಸುವ ಹೊತ್ತಿನಲ್ಲಿ ಅವು ನಡುಮಧ್ಯಾಹ್ನದಲ್ಲಿ ನಿಂತಿದ್ದವು.

ನೀರಿನ ಮೇಲೆ ಅನುಮಾನ

ಬಣ್ಣ ಕಳೆಯತೊಡಗಿದಾಗ ನಾನು ದೂರಿದ್ದು ನೀರನ್ನು. ರೀಫ್ ಇಟ್ಟವರೆಲ್ಲರ ಕೈ ಮೊದಲು ಹೋಗುವುದು ಟೆಸ್ಟ್ ಕಿಟ್ಟಿಗೆ. ನೈಟ್ರೇಟ್ 6 ಪಿಪಿಎಂ, ಫಾಸ್ಫೇಟ್ 0.05, ಕ್ಯಾಲ್ಸಿಯಂ 425, ಮೆಗ್ನೀಷಿಯಂ 1,330. ಬೈಯಲು ಏನೂ ಇಲ್ಲ. ಕ್ಷಾರತೆ ಮಾತ್ರ, ಡಿಕೆಎಚ್ ಎಂಬ ಅಳತೆಯಲ್ಲಿ, 8.3ರಿಂದ ಎರಡು ವಾರದಲ್ಲಿ 9.2ಕ್ಕೆ ಏರಿತ್ತು. 9.2 ಕೆಟ್ಟದ್ದೇನಲ್ಲ. ಹಾಗಾಗಿ ಅದನ್ನೂ ಬರೆದಿಟ್ಟು ಮುಂದೆ ಹೋದೆ. ಕಬ್ಬಿಣದ್ದೋ ಅಯೋಡಿನ್‌ದೋ ಕೊರತೆ ಇರಬಹುದು ಎಂದು ಒಂದು ಬಾಟಲಿಯನ್ನೂ ತರಿಸಿದೆ. ಸದ್ಯ, ಸುರಿಯಲಿಲ್ಲ.

ಒಂದು ರಾತ್ರಿ ಆ ಪಟ್ಟಿ ನೋಡುತ್ತಾ ಕೂತಿದ್ದಾಗ ತಲೆಗೆ ಹೊಳೆಯಿತು. ನಾನು ದಿನಾ ಹಾಕುವ ಕ್ಷಾರದ ಪ್ರಮಾಣ ಬದಲಾಗಿಲ್ಲ. ಆದರೂ ನೀರಿನಲ್ಲಿ ಅದು ಏರುತ್ತಿದೆ. ಅಂದರೆ ತಿನ್ನುವವರು ತಿನ್ನುತ್ತಿಲ್ಲ. ಹವಳ ಅಸ್ಥಿ ಕಟ್ಟುವಾಗ ಕ್ಷಾರವನ್ನೂ ಕ್ಯಾಲ್ಸಿಯಮ್ಮನ್ನೂ ನೀರಿನಿಂದ ಎಳೆದುಕೊಳ್ಳುತ್ತದೆ. ಏರಿಕೆ ಶುರುವಾದ ದಿನಾಂಕ ನೋಡಿದೆ. ನೀಲಿ ಏರಿಸಿ ಐದನೆಯ ದಿನ. ಬಣ್ಣ ಹೋಗುವ ಮುಂಚೆಯೇ ಅವು ಬೆಳೆಯುವುದನ್ನು ನಿಲ್ಲಿಸಿದ್ದವು.

ಬೆಳಕು ಜಾಸ್ತಿಯಾದರೆ ಹವಳ ಯಾಕೆ ಬಿಳಚುತ್ತದೆ? ಪಾಚಿಕಣಗಳು ತಮ್ಮ ಕೈಲಾಗುವುದಕ್ಕಿಂತ ಹೆಚ್ಚು ಬೆಳಕು ಬಿದ್ದಾಗ ಹಾನಿ ಮಾಡುವ ಆಮ್ಲಜನಕದ ರೂಪಗಳನ್ನು ಉಗುಳುತ್ತವೆ. ಹವಳ ತನ್ನ ಜೀವ ಉಳಿಸಿಕೊಳ್ಳಲು ಅವನ್ನೇ ಹೊರಗೆ ಹಾಕುತ್ತದೆ. ಬಣ್ಣ ಕೊಡುತ್ತಿದ್ದವರೂ ಅನ್ನ ಕೊಡುತ್ತಿದ್ದವರೂ ಒಟ್ಟಿಗೇ ಹೋದರು. ಸಮುದ್ರ ಬಿಸಿಯಾದಾಗ ಆಗುವುದೂ ಹೀಗೆಯೇ, 1998ರಲ್ಲಿ, 2016ರಲ್ಲಿ, ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದೂ ಇದೇ. ಬೆಳಕು ಕಡಿಮೆಯಾದರೆ ಇದರ ಉಲ್ಟಾ ಆಗುತ್ತದೆ. ಪಾಚಿ ಹೆಚ್ಚಿ ಹವಳ ಕಂದು ತಿರುಗುತ್ತದೆ. ಕಂದು ಎಂದರೆ ಹಸಿವು, ಬಿಳಚು ಎಂದರೆ ಅಜೀರ್ಣ ಎಂದು ಒರಟಾಗಿ ನೆನಪಿಟ್ಟುಕೊಳ್ಳಬಹುದು. ಪೋಷಕಾಂಶ ತೀರಾ ಸೊನ್ನೆಯಾದರೂ ಬಿಳಚುತ್ತದೆ, ಆದರೆ ನನ್ನ ನೈಟ್ರೇಟ್, ಫಾಸ್ಫೇಟ್ ಎರಡೂ ಇದ್ದವು.

ಅಪ್ಪನ ನಕಾಶೆ

ಹವಳಕ್ಕೆ ದಕ್ಕುವ ಬೆಳಕನ್ನು ಪಾರ್ ಎಂದು ಅಳೆಯುತ್ತಾರೆ. ಒಂದು ಸೆಕೆಂಡಿನಲ್ಲಿ ಒಂದು ಚದರ ಮೀಟರಿಗೆ ಎಷ್ಟು ಬೆಳಕಿನ ಕಣ ಬಿತ್ತು ಅನ್ನುವುದು ಅದರ ಲೆಕ್ಕ, ಮೈಕ್ರೊಮೋಲ್ ಎಂಬ ಅಳತೆಯಲ್ಲಿ. ಉಷ್ಣವಲಯದ ಸಮುದ್ರದ ಮೇಲ್ಮೈಯಲ್ಲಿ ನಡುಮಧ್ಯಾಹ್ನ ಇದು 2,000 ಮುಟ್ಟುತ್ತದೆ. ತೊಟ್ಟಿಗಳಲ್ಲಿ ಅಣಬೆ ಹವಳ, ಮೆದು ಹವಳಗಳಿಗೆ 50ರಿಂದ 150, ಯೂಫಿಲಿಯಾದಂಥವಕ್ಕೆ 100ರಿಂದ 200, ಅಕ್ರೊಪೋರಾಗೆ 200ರಿಂದ 350 ಎಂದು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ.

ಫೋನಿನ ಲಕ್ಸ್ ಆ್ಯಪ್ ಇಲ್ಲಿ ಕೆಲಸಕ್ಕೆ ಬಾರದು. ಲಕ್ಸ್ ಎಂದರೇ ಮನುಷ್ಯರ ಕಣ್ಣಿನ ಲೆಕ್ಕ, ಅದೂ ಅಪ್ಪನ ಹಾಗೆಯೇ "ಕತ್ತಲು" ಎನ್ನುತ್ತದೆ. ಹಳೆಯ ಕೆಲವು ಪಾರ್ ಮೀಟರುಗಳೂ ನೀಲಿಯನ್ನು ಕಡಿಮೆ ಎಣಿಸುತ್ತವೆ. ಅಪೋಜಿಯವರ ಎಂಕ್ಯೂ-510 ಎಂಬ ಮೀಟರ್ ಇದಕ್ಕೆಂದೇ ಇದೆ, ನೀರಿನೊಳಗೆ ಅಳೆಯುವಾಗ ಬೇಕಾದ ತಿದ್ದುಪಡಿಯನ್ನು ಅದೇ ಮಾಡಿಕೊಳ್ಳುತ್ತದೆ. ಬೆಲೆ ಜಾಸ್ತಿ, ಬೇಕಾಗುವುದು ವರ್ಷಕ್ಕೆ ಎರಡು ಸಲ. ಊರಿನ ಅಕ್ವೇರಿಯಂ ಸಂಘದಿಂದ ಒಂದು ವಾರಾಂತ್ಯಕ್ಕೆ ಎರವಲು ತಂದೆ.

ನಾನು ಅಲ್ಲೊಂದು ಇಲ್ಲೊಂದು ಕಡೆ ಅಳೆದು ಮುಗಿಸುತ್ತಿದ್ದೆ. ಅಪ್ಪ ಬಿಡಲಿಲ್ಲ. "ಸರ್ವೆ ಮಾಡೋದು ಹೀಗಲ್ಲ," ಎಂದು ನೋಟ್‌ಬುಕ್ ತೆಗೆದು ಚೌಕ ಹಾಕಿದರು. ಉದ್ದಕ್ಕೆ ಐದು, ಅಗಲಕ್ಕೆ ಮೂರು, ಹೀಗೆ ಹದಿನೈದು ಬಿಂದು. ಪ್ರತಿ ಬಿಂದುವಿನಲ್ಲಿ ನೆತ್ತಿ, ನಡು, ಮರಳು ಎಂದು ಮೂರು ಆಳ. ನಾನು ಕೋಲಿನ ತುದಿಯಲ್ಲಿ ಸೆನ್ಸರ್ ಹಿಡಿದು ಕೂಗುವುದು, ಅವರು ಬರೆಯುವುದು. ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಒಂದೇ ಅಂಕಿಯ ಜಾಗಗಳನ್ನು ಗೆರೆಯಿಂದ ಸೇರಿಸಿದರು, ಗುಡ್ಡದ ನಕಾಶೆಯಲ್ಲಿ ಎತ್ತರದ ಗೆರೆ ಎಳೆಯುತ್ತಾರಲ್ಲ ಹಾಗೆ. ಕಾಗದದ ಮೇಲೆ ಮೂರು ಶಿಖರ ಎದ್ದವು, ಪ್ರತಿ ದೀಪದಡಿ ಒಂದು.

ಶಿಖರದ ತುದಿ 540. ನನ್ನ ಅಕ್ರೊಪೋರಾಗಳಲ್ಲಿ ಮೂರು ಅಲ್ಲೇ ಕೂತಿದ್ದವು. ಎರಡು ದೀಪಗಳ ನಡುವೆ ಅದೇ ಎತ್ತರದಲ್ಲಿ 310. ಮುಂದಿನ ಗಾಜಿನ ಬಳಿ ಮರಳಿನ ಮೇಲೆ 120. ಹಿಂದಿನ ಎಡ ಮೂಲೆಯಲ್ಲಿ 45. ಒಂದೇ ತೊಟ್ಟಿಯೊಳಗೆ ಹನ್ನೆರಡು ಪಟ್ಟು ವ್ಯತ್ಯಾಸ. ತುಂಡು ಮಾರಿದ ಅಂಗಡಿಗೆ ಫೋನ್ ಮಾಡಿ ನಿಮ್ಮಲ್ಲಿ ಎಷ್ಟರಲ್ಲಿ ಇಟ್ಟಿದ್ದಿರಿ ಎಂದು ಕೇಳಿದೆ. 150 ಎಂದರು. ಕೊಳ್ಳುವ ದಿನ ಕೇಳಬೇಕಿದ್ದ ಪ್ರಶ್ನೆ.

ಅಪ್ಪ ನಕಾಶೆಯನ್ನೂ ತೊಟ್ಟಿಯನ್ನೂ ಎರಡು ಸಲ ನೋಡಿದರು. "ನಾನು ಅವತ್ತು ಕತ್ತಲು ಅಂದಿದ್ದಕ್ಕೇನೋ ಇದು?" ಎಂದರು. ಅಲ್ಲ ಅಪ್ಪ, ಅಳೆಯದೆ ಏರಿಸಿದ್ದಕ್ಕೆ ಎಂದೆ.

ಸರಿಪಡಿಸಿದ್ದು

ಬೆಳಕನ್ನು ಏರಿಸುವುದಾದರೆ ನಿಧಾನವಾಗಿ ಏರಿಸಬೇಕು. ಆದರೆ ಸುಡುತ್ತಿರುವಾಗ ಇಳಿಸಲು ಕಾಯಬೇಕಾಗಿಲ್ಲ. ಅದೇ ದಿನ ದೀಪವನ್ನು ಏಳು ಇಂಚಿನಿಂದ ಹನ್ನೊಂದಕ್ಕೆ ಎತ್ತಿದೆ, ನೀಲಿಯನ್ನು ಶೇ 90ರಿಂದ 50ಕ್ಕೆ ತಂದೆ. ಬರೀ ಶೇಕಡ ಇಳಿಸಿದ್ದರೆ ಶಿಖರಗಳು ಗಿಡ್ಡವಾಗುತ್ತಿದ್ದವು, ಆದರೆ ಶಿಖರವಾಗಿಯೇ ಉಳಿಯುತ್ತಿದ್ದವು, ಮೂಲೆ ಇನ್ನೂ ಕತ್ತಲಾಗುತ್ತಿತ್ತು. ಎತ್ತರ ಹೆಚ್ಚಿಸಿದಾಗ ಬೆಳಕಿನ ಶಂಕುಗಳು ಅಗಲವಾಗಿ ಒಂದರ ಮೇಲೊಂದು ಬಂದು ನಡುವಿನ ಕಣಿವೆ ತುಂಬುತ್ತದೆ. ಅಳೆದಾಗ ದೀಪದಡಿ 290, ನಡುವೆ 230. ಹಿಂದಿನ ಮೂಲೆ 50ಕ್ಕೆ ಬಂತು.

ಆದರೆ ಸೋಫಾದ ತಗಾದೆ ವಾಪಸ್ ಬಂತು. ಅದಕ್ಕೆ ಅಲ್ಯೂಮಿನಿಯಂ ಪಟ್ಟಿಯ ಮುಂಭಾಗಕ್ಕೆ ಮೂರು ಇಂಚು ಅಗಲದ ಕಪ್ಪು ಅಕ್ರಿಲಿಕ್ ತಗಡು ಇಳಿಬಿಟ್ಟೆ. ದೀಪದ ಕಣ್ಣು ಮರೆಯಾಯಿತು, ತೊಟ್ಟಿಗೆ ಬೀಳುವ ಬೆಳಕಿಗೆ ಏನೂ ಆಗಲಿಲ್ಲ. ಹತ್ತು ಡಾಲರ್ ಕೆಲಸ. ಇದನ್ನು ಏಪ್ರಿಲ್‌ನಲ್ಲೇ ಯೋಚಿಸಿದ್ದರೆ ದೀಪ ಏಳು ಇಂಚಿಗೆ ಇಳಿಯುತ್ತಲೇ ಇರಲಿಲ್ಲ.

ಅಪ್ಪನ ಕತ್ತಲಿನ ಸಮಸ್ಯೆಯೂ ಇತ್ತಲ್ಲ, ಅದು ತೀರಾ ಸುಲಭದಲ್ಲಿ ಬಗೆಹರಿಯಿತು. ಕಣ್ಣಿಗೆ ಬೇಕಾದದ್ದು ಹಸಿರು, ಹಳದಿಯ ಭಾಗ. ಅದು ಇರುವುದು ಬಿಳಿ ಎಲ್‌ಇಡಿಯಲ್ಲಿ. ಸಂಜೆ ಆರರಿಂದ ಎಂಟೂವರೆಯವರೆಗೆ ಬಿಳಿಯನ್ನು ಶೇ 5ರಿಂದ 15ಕ್ಕೆ ಏರಿಸಿದೆ. ಪಾರ್ ಹತ್ತೋ ಹನ್ನೆರಡೋ ಏರಿತು. ಕಣ್ಣಿಗೆ ಮಾತ್ರ ತೊಟ್ಟಿ ಎರಡು ಪಟ್ಟು ಬೆಳಗಿದ ಹಾಗೆ. ಹೆದರಿದಷ್ಟು ಪಾಚಿಯೂ ಬರಲಿಲ್ಲ. ಇಡೀ ದಿನಚರಿಯನ್ನೂ ಮುಂದಕ್ಕೆ ತಳ್ಳಿದೆ. ಮಧ್ಯಾಹ್ನ ಹನ್ನೆರಡಕ್ಕೆ ಶುರು, ರಾತ್ರಿ ಹತ್ತಕ್ಕೆ ಮುಗಿತಾಯ, ಮೊದಲ ಎರಡು ಮತ್ತು ಕೊನೆಯ ಎರಡು ಗಂಟೆ ಏರಿಳಿತ. ನಾವೆಲ್ಲ ಕೆಲಸಕ್ಕೆ ಹೋಗಿರುವ ಬೆಳಿಗ್ಗೆ ಎಂಟರಿಂದ ದೀಪ ಉರಿಸಿ ಯಾರಿಗೆ ತೋರಿಸಬೇಕಿತ್ತು? ಹವಳಕ್ಕೆ ಗಡಿಯಾರ ಯಾವುದಾದರೂ ಒಂದೇ, ದಿನದ ಒಟ್ಟು ಬೆಳಕು ಸರಿಯಿದ್ದರೆ ಸಾಕು. ಏರಿಳಿತದ ನಾಲ್ಕು ಗಂಟೆಯನ್ನು ಎರಡೆಂದು ಹಿಡಿದರೆ, 280 ಪಾರ್‌ನ ಎಂಟು ಗಂಟೆ ಎಂದರೆ ದಿನಕ್ಕೆ ಚದರ ಮೀಟರಿಗೆ ಸುಮಾರು 8 ಮೋಲ್ ಬೆಳಕು.

ಮೂರು ವಾರ ಏನೂ ಬದಲಾಗಲಿಲ್ಲ. ಒಂದು ಹಸಿರು ಅಕ್ರೊಪೋರಾ ಬುಡದಿಂದ ಮಾಂಸ ಬಿಟ್ಟು ಸತ್ತಿತು. ಅಕ್ಟೋಬರ್ ಕೊನೆಗೆ ಅಪ್ಪ ಅಮ್ಮ ಊರಿಗೆ ಹೊರಟರು. ಅದಾಗಿ ಹತ್ತು ದಿನಕ್ಕೆ ಕ್ಷಾರತೆ ಇಳಿಯತೊಡಗಿತು, 9.2, 8.9, 8.5. ಬಣ್ಣಕ್ಕಿಂತ ಮೊದಲು ಬಂದ ಒಳ್ಳೆಯ ಸುದ್ದಿ ಅದು. ತಿನ್ನುವವರು ತಟ್ಟೆ ಮುಂದೆ ಕೂತಿದ್ದರು. ಡಿಸೆಂಬರ್ ಹೊತ್ತಿಗೆ ನೇರಳೆಯದಕ್ಕೆ ತುದಿಯಿಂದ ಬಣ್ಣ ಮರಳಿತು.

ಇತ್ತ ಒಂದು ಮಾಂಟಿಪೋರಾ ಬೇರೆ ಕಾರಣಕ್ಕೆ ಸೊರಗುತ್ತಿತ್ತು. ತಟ್ಟೆ ಅಗಲವಾದ ಹಾಗೆ ಅದರ ಅಡಿಯೂ ಹಿಂದಿನ ಅಂಚೂ ತನ್ನದೇ ನೆರಳಿನಲ್ಲಿ ಸಿಕ್ಕಿತ್ತು. ಇದು ಬಿಂದು ದೀಪದ ಹಣೆಬರಹ. ಜನವರಿಯಲ್ಲಿ ಮುಂದೊಂದು ಹಿಂದೊಂದು ಐದಡಿಯ ನೀಲಿ ಎಲ್‌ಇಡಿ ಪಟ್ಟಿ ಸೇರಿಸಿದೆ, ಟಿ5 ಮಾಡುತ್ತಿದ್ದ ಕೆಲಸಕ್ಕೆ. ಮೂರು ದೀಪಗಳನ್ನು ಶೇ 45ಕ್ಕೆ ಇಳಿಸಿದೆ. ಈಗ ನೆತ್ತಿಯಲ್ಲಿ 285, ನಡುವೆ 270, ಮುಂದಿನ ಗಾಜಿನ ಬಳಿ 130, ಹಿಂದಿನ ಮೂಲೆ 95. ಕರೆಂಟ್ ಎಲ್ಲ ಸೇರಿ ತಿಂಗಳಿಗೆ ಸುಮಾರು 300 ಯೂನಿಟ್. ದೀಪದ ಪಾಲು ಅದರಲ್ಲಿ ಮೂರನೇ ಒಂದು, ಚಳಿಗಾಲದಲ್ಲಿ ಹೀಟರಿನದೇ ದೊಡ್ಡ ಬಾಯಿ.

ಊರಿನವರು ಕೇಳಿದ್ದು

ಫೋಟೋ ನೋಡಿದ ಬೆಂಗಳೂರಿನ ಗೆಳೆಯನೊಬ್ಬ ನಾನೂ ಇಂಥದ್ದೇ ಇಡುತ್ತೇನೆ ಎಂದ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಭಾರತದಲ್ಲಿ ಅಕ್ರೊಪೋರಾ, ಮಾಂಟಿಪೋರಾ, ಯೂಫಿಲಿಯಾದಂಥ ಎಲ್ಲ ಗಟ್ಟಿ ಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಪಕ್ಕದಲ್ಲಿ. ಅಂಗಡಿಯವರು ಏನೇ ಹೇಳಲಿ, ಅದು ಕೊಳ್ಳುವ ಮಾರುವ ವಸ್ತುವಲ್ಲ. ಕಡಲಕುದುರೆಯೂ ಅಷ್ಟೇ. ನಾನು ಬರುವಾಗ ಒಂದು ತುಂಡು ತಂದುಕೊಡುವುದಂತೂ ಆಗದ ಮಾತು, ದೇಶದಿಂದ ದೇಶಕ್ಕೆ ಗಟ್ಟಿ ಹವಳ ಸಾಗಿಸಲು ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಪರವಾನಗಿ ಬೇಕು. ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಮೀನು ಒಂದು ಜೋಡಿ, ಚಂದದ ಬಂಡೆ, ಮಂದ ನೀಲಿ ಬೆಳಕು, ಅದಕ್ಕೆ ಇಷ್ಟು ದೀಪವೂ ಬೇಡ. ಹವಳ ನೋಡಲೇಬೇಕು ಎಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗು, ನೀರೊಳಗೆ ಮುಳುಗಿ ನೋಡು, ಮುಟ್ಟಬೇಡ ಎಂದೆ. ಅವನಿಗೆ ಅಷ್ಟು ಖುಷಿಯಾಗಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಮೀಟರನ್ನು ಮತ್ತೆ ಎರವಲು ತಂದೆ. ಎಲ್ಲ ಬಿಂದುಗಳಲ್ಲೂ ಅಂಕಿ ಇಳಿದಿತ್ತು, ಕೆಲವು ಕಡೆ ಐದನೇ ಒಂದು ಭಾಗದಷ್ಟು. ದೀಪ ಹಳತಾಯಿತೇ ಎಂದು ಒಂದು ಕ್ಷಣ ಗಾಬರಿಯಾಯಿತು. ದೀಪದ ಗಾಜಿನ ಮೇಲೆ ಬೆರಳಾಡಿಸಿದರೆ ಉಪ್ಪಿನ ಪುಡಿ. ಬಲೆಯ ಮುಚ್ಚಳದ ಕಣ್ಣುಗಳಲ್ಲೂ ಉಪ್ಪು ಕಟ್ಟಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಅಂಕಿ ವಾಪಸ್ ಬಂತು. ಆದರೆ ನೇರಳೆ ಅಕ್ರೊಪೋರಾ ಅಷ್ಟರಲ್ಲಿ ಮೂರು ಇಂಚು ಮೇಲಕ್ಕೆ ಬೆಳೆದು, ತಾನಾಗಿಯೇ 340ರ ಹತ್ತಿರ ಹೋಗಿ ನಿಂತಿತ್ತು.

ಸಂಜೆ ವೀಡಿಯೊ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ನೇರಳೆ ಹವಳವನ್ನು ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ.

"ಆ ಎಡ ಮೂಲೆ ರೀಡಿಂಗ್ ಈಗ ಎಷ್ಟು?"

"ತೊಂಬತ್ತೆರಡು ಅಪ್ಪ."

"ಹೋದ ಸಲ ತೊಂಬತ್ತೈದು ಬಂದಿತ್ತು ಅಂದಿದ್ದೆ," ಎಂದರು. "ಇನ್ನೊಂದ್ಸಲ ಅಳಿ."